ಪಾಸಾದವಳು

ಸೂಜಿಯಕ್ಕನ ಕೈ ಹಗುರ ಎಂಬ ಮಾತು ಗಡಿ ಗೇಟಿನ ಆಚೆಗೂ ಈಚೆಗೂ ಹಬ್ಬಿತ್ತು. ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂದು ಲಾರಿ ಡ್ರೈವರುಗಳು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಹೇಳಿಕೊಂಡ ಮೇಲೆ, ಏತಕ್ಕೆ ಚುಚ್ಚಿಸಿಕೊಂಡೆ ಎಂದು ಯಾರಾದರೂ ಕೇಳಿಯಾರೆಂದು ಹೊಳೆದು, ಸಕ್ಕರೆ ಕಾಯಿಲೆ ನೋಡಿಸೋದಕ್ಕೆ ಎಂದು ಸೇರಿಸುತ್ತಿದ್ದರು. ಒಂದು ಗೇಟಿನ ಸುತ್ತ ಅಷ್ಟೊಂದು ಸಕ್ಕರೆ ಕಾಯಿಲೆ ಇರಲಾರದೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಡುತ್ತಿರಲಿಲ್ಲ.

ಗೇಟಿನಿಂದ ಇನ್ನೂರು ಹೆಜ್ಜೆ ನಡೆದರೆ ಅವಳ ಪರೀಕ್ಷಾ ಕೇಂದ್ರ. ಹಿಂದೆ ಲಾರಿಯ ಸರಕು ತೂಗುತ್ತಿದ್ದ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಉದ್ದನೆಯ ಬೆಂಚು. ಹಿಂದಿನದರಲ್ಲಿ ಮೇಜು, ಎರಡು ಕುರ್ಚಿ, ಕಿಟ್ಟುಗಳನ್ನಿಡುವ ಫ್ರಿಜ್ಜು, ಗೋಡೆಯ ಮೇಲೆ ಗಡಿಯಾರ, ಕ್ಯಾಲೆಂಡರು, ಬಾಗಿಲ ಹಿಂದೆ ಅವಳ ಕಪ್ಪು ಛತ್ರಿ. ರಕ್ತ ತೆಗೆಯುವವಳೂ ಅವಳೇ, ಪರೀಕ್ಷಿಸುವವಳೂ ಅವಳೇ, ಎಚ್‌ಐವಿ ಇದೆಯೋ ಇಲ್ಲವೋ ಎಂದು ಎದುರು ಕೂತು ಹೇಳುವವಳೂ ಅವಳೇ. ಹದಿನೇಳು ವರ್ಷದಿಂದ ಇದೇ ಕುರ್ಚಿ. ಕುರ್ಚಿಯ ಒಂದು ಕಾಲು ಗಿಡ್ಡವಾಗಿ, ಅದರ ಕೆಳಗೆ ಅವಳ ಗಂಡ ಮಡಿಚಿಟ್ಟ ಡೆನಿಮ್ ಬಟ್ಟೆಯ ತುಂಡೊಂದಿತ್ತು.

ಗಂಡ ದರ್ಜಿ. ಮನೆಯ ಮುಂಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. ಈ ಮನೇಲಿ ಇಬ್ಬರ ಹೊಟ್ಟೆಪಾಡೂ ಸೂಜಿ ಮೊನೆ ಮೇಲೆಯೇ, ಆದರೆ ನನ್ನ ಗಿರಾಕಿಗಳು ನನ್ನನ್ನ ಬೀದಿಯಲ್ಲಿ ಕಂಡರೆ ಮಾತಾಡಿಸ್ತಾರೆ, ನಿನ್ನ ಗಿರಾಕಿಗಳು ಮುಖ ತಿರುಗಿಸಿಕೊಂಡು ಹೋಗ್ತಾರೆ ಎಂದು ಅವನು ಕಿಚಾಯಿಸುತ್ತಿದ್ದ. ಅವಳಿಗೆ ಅದರಿಂದ ಬೇಸರವಿರಲಿಲ್ಲ. ಮುಖ ತಿರುಗಿಸಿಕೊಂಡು ಹೋಗುವಷ್ಟು ಆರೋಗ್ಯವಾಗಿ ಓಡಾಡಿಕೊಂಡಿದ್ದಾರಲ್ಲ, ಅಷ್ಟು ಸಾಕು ಎನ್ನುತ್ತಿದ್ದಳು.

ಅವಳ ತಮ್ಮ ಹಾಗೆ ಓಡಾಡಿಕೊಂಡಿರಲಿಲ್ಲ. ಅವನೂ ಡ್ರೈವರು. ಊರಿನ ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದವನು ಅವರ ಸ್ವಂತ ಚಿಕ್ಕಪ್ಪನೇ ಆಗಿದ್ದರಿಂದ, ಆ ಬಾಗಿಲು ತುಳಿಯಲು ನಾಚಿ, ಕೆಮ್ಮನ್ನು ಧೂಳಿನ ಕೆಮ್ಮು ಎಂದು ಹೇಳುತ್ತಲೇ ವರ್ಷ ದೂಡಿದ. ಪತ್ತೆಯಾಗುವ ಹೊತ್ತಿಗೆ ತಡವಾಗಿತ್ತು. ಅವನು ಹೋದ ಮರುವರ್ಷವೇ, ದೊಡ್ಡಾಸ್ಪತ್ರೆಯ ಕೆಲಸ ಬಿಟ್ಟು ಯಾರಿಗೂ ಬೇಡವಾಗಿದ್ದ ಈ ಗೇಟಿನ ಕೆಲಸವನ್ನು ಅವಳು ಕೇಳಿ ಪಡೆದಳು.

ಬಂದವರು ನಿಜವಾದ ಹೆಸರು ಹೇಳಬೇಕೆಂಬ ನಿಯಮವಿರಲಿಲ್ಲ, ಒಂದು ಸಂಖ್ಯೆ ಸಾಕಿತ್ತು. ಆದರೆ ಸಂಖ್ಯೆಯನ್ನು ಜನ ಮರೆಯುತ್ತಿದ್ದರು, ಚೀಟಿಯನ್ನು ಕಳೆಯುತ್ತಿದ್ದರು. ಅದಕ್ಕೆ ಅವಳು ತನ್ನದೇ ಒಂದು ದಾರಿ ಕಂಡುಕೊಂಡಿದ್ದಳು. ಈ ಕೋಣೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಒಂದು ಆರಿಸಿಕೊಳ್ಳಿ, ಇಲ್ಲಿ ನಿಮ್ಮ ಹೆಸರು ಅದೇ ಎನ್ನುತ್ತಿದ್ದಳು. ಗಡಿಯಾರ, ಕಿಟಕಿ, ಬಾಗಿಲು ಎಂದು ಜನ ಹೆಸರಿಟ್ಟುಕೊಂಡರು. ಫ್ಯಾನು ಎಂಬುವರು ಹನ್ನೊಂದು ಮಂದಿಯಾದ ಮೇಲೆ ಆ ಹೆಸರನ್ನು ಅವಳು ನಿಲ್ಲಿಸಿಬಿಟ್ಟಳು. ದಪ್ಪ ಮೀಸೆಯ ಡ್ರೈವರೊಬ್ಬ ಬಾಗಿಲ ಹಿಂದೆ ಕಣ್ಣು ಹಾಯಿಸಿ, "ಛತ್ರಿ ಅಂತ ಬರ್ಕೊಳ್ಳಿ ಅಕ್ಕಾ. ಮನೇಲೂ ಹೆಂಡ್ತಿ ಅದನ್ನೇ ಕರೆಯೋದು" ಎಂದಿದ್ದ.

ವರ್ಷದ ಕೊನೆಯಲ್ಲಿ, ಹೊಸದಾಗಿ ಎಷ್ಟು ಮಂದಿಗೆ ಪತ್ತೆಯಾಯಿತೆಂದು ಅವಳು ಮೇಲಕ್ಕೆ ಬರೆದು ಕಳಿಸಬೇಕು. ಮೇಲಿನ ಕಚೇರಿಯಲ್ಲಿ ಅದನ್ನು ಒಂದು ಗೆರೆಯಾಗಿ ಎಳೆಯುತ್ತಾರೆ. ಒಂದು ವರ್ಷ ಹತ್ತೊಂಬತ್ತು, ಮರುವರ್ಷ ಮೂವತ್ತೊಂದು, ಅದರಾಚೆ ಐವತ್ತೆಂಟು. ಬೇರೆ ಕೇಂದ್ರಗಳ ಗೆರೆ ಮಲಗಿದ್ದರೆ ಗಡಿಯ ಗೆರೆ ಮೆಟ್ಟಿಲು ಹತ್ತುತ್ತಿತ್ತು. ಮೇಲಧಿಕಾರಿ ಕಾಗದ ಹಿಡಿದುಕೊಂಡೇ ಬಂದರು. ಕೆಟ್ಟವರಲ್ಲ, ಕೆಲಸದ ಒತ್ತಡದಲ್ಲಿ ಸದಾ ಅರ್ಧ ನಿಂತೇ ಮಾತಾಡುವ ಡಾಕ್ಟರು. ಏನಮ್ಮಾ ಇದು, ಗಡಿ ಪೂರ್ತಿ ಕೆಟ್ಟುಹೋಯಿತೇ ಎಂದು ಕೇಳಿದರು.

"ಕಾಯಿಲೆ ಏರಿದ್ದಕ್ಕೆ ಗೆರೆ ಏರಿಲ್ಲ ಸರ್," ಎಂದಳು ಅವಳು. "ಬಚ್ಚಿಟ್ಟುಕೊಂಡಿದ್ದವರು ಬಾಗಿಲು ತಟ್ಟಿದ್ದಕ್ಕೆ ಏರಿದೆ. ಇದರಲ್ಲಿ ಅರ್ಧಕ್ಕರ್ಧ ಆಚೆ ಕಡೆಯವರು. ಅವರೂರಲ್ಲಿ ಅವರಿಗೂ ಒಬ್ಬ ಚಿಕ್ಕಪ್ಪ ಇರ್ತಾನೆ."

ಡಾಕ್ಟರಿಗೆ ಚಿಕ್ಕಪ್ಪನ ಮಾತು ಅರ್ಥವಾಗಲಿಲ್ಲ. ವರದಿಯಲ್ಲಿ ಕಾರಣಕ್ಕೆ ಜಾಗವೂ ಇರಲಿಲ್ಲ. ಸಂಖ್ಯೆ ಮಾತ್ರ ಹೋಯಿತು. ಹೋದದ್ದು ಪತ್ರಿಕೆಯವರ ಕೈಗೆ ಸಿಕ್ಕಿ, ಗಡಿಯಲ್ಲಿ ಮೂರು ಪಟ್ಟು ಎಂದು ದಪ್ಪಕ್ಷರದಲ್ಲಿ ಬಂತು.

ಅದನ್ನು ಯಾರೋ ಗೇಟಿನ ಸರದಿಯಲ್ಲಿ ಓದಿ ಹೇಳಿದರು. ಆ ಸರದಿಯಲ್ಲಿ ದಿನ ಬೆಳಗಾದರೆ ಇನ್ನೂರು ಮುನ್ನೂರು ಹೆಂಗಸರು. ಆಚೆಯಿಂದ ಬಂದು, ಈಚೆಯ ಗೋದಾಮುಗಳಿಂದ ಬಟ್ಟೆಯ ಹೊರೆ ಬೆನ್ನ ಮೇಲೆ ಹೊತ್ತು ಸಂಜೆಯೊಳಗೆ ಆಚೆಗೆ ದಾಟಿಸುವವರು. ದಿನದ ಪಾಸಿಗೆ ಮೊಹರು ಬಿದ್ದರೆ ಕೂಲಿ, ಬೀಳದಿದ್ದರೆ ಇಲ್ಲ. ಅವರ ಪಾಲಿಗೆ ಪ್ರಪಂಚದಲ್ಲಿ ಎರಡೇ ಮಾತು, ಪಾಸು, ಇಲ್ಲವೇ ವಾಪಸು. ಮಕ್ಕಳು ಸ್ಕೂಲಿನಿಂದ ಬಂದರೂ, ಹೊಸ ಸೊಸೆ ಅಡಿಗೆ ಮಾಡಿದರೂ, ಅವರು ಕೇಳುತ್ತಿದ್ದುದು ಪಾಸೋ ವಾಪಸೋ ಎಂದೇ. ಆ ಸರದಿಗೆ ಪತ್ರಿಕೆಯ ಸುದ್ದಿ ತಲುಪಿ, ಬೆನ್ನಿಂದ ಬೆನ್ನಿಗೆ ದಾಟುವಾಗ ಆಕಾರ ಬದಲಿಸಿ, ಕೊನೆಗೆ ಹೀಗಾಯಿತು: ಮುಂದಿನ ತಿಂಗಳಿಂದ ರಕ್ತ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ಗೇಟಿನ ಪಾಸು.

ಸೂಜಿಯಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದ್ದ ವಾರವೇ ಕೇಂದ್ರಕ್ಕೆ ಜನ ಮುಗಿಬಿದ್ದರು. ಬದಲಿಗೆ ಬಂದಿದ್ದವನು ಹೊಸಬ, ಒಳ್ಳೆಯವನು, ಬೆವರು ಒರೆಸಿಕೊಳ್ಳಲೂ ಪುರಸೊತ್ತಿಲ್ಲದೆ ದಿನಕ್ಕೆ ನೂರು ಜನರನ್ನು ನೋಡಿದ. ಅಕ್ಕನ ಪದ್ಧತಿಯಂತೆಯೇ ಹೆಸರು ಬರೆದುಕೊಂಡ. ನಾಲ್ಕನೆಯ ದಿನದ ಪುಟದಲ್ಲಿ ಒಂದೇ ಒಂದು ಹೆಸರಿನ ಮುಂದೆ ಕೆಂಪು ಗುರುತಿತ್ತು. ಕ್ಯಾಲೆಂಡರು. ಹೆಣ್ಣು, ಇಪ್ಪತ್ತನಾಲ್ಕು ವರ್ಷ, ಐದು ತಿಂಗಳ ಬಸುರಿ. ಮುಂದೆ ಅಂದವಾದ ಅಕ್ಷರದಲ್ಲಿ, ಫಲಿತಾಂಶ ತಿಳಿಸಲಾಗಿದೆ, ಧೈರ್ಯವಾಗಿ ಸ್ವೀಕರಿಸಿದರು, ನಾಳೆ ಬರಲು ಹೇಳಿದೆ ಎಂದು ಬರೆದಿದ್ದ.

ರಜೆ ಮುಗಿಸಿ ಬಂದ ಅಕ್ಕ ಅದನ್ನು ಹೊಸ ಕಣ್ಣಿನಿಂದ ಎರಡು ಸಲ ಓದಿದಳು. ಬರುತ್ತಾಳೆ ಎಂದುಕೊಂಡಳು. ಐದು ತಿಂಗಳೆಂದರೆ ಇನ್ನೂ ಸಮಯವಿತ್ತು. ಈಗಲೇ ಮಾತ್ರೆ ಶುರುಮಾಡಿದರೆ ಮಗುವನ್ನು ಕಾಪಾಡಬಹುದಿತ್ತು. ಆ ದಿನ ಬರಲಿಲ್ಲ, ಮರುದಿನವೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಎದುರಿನ ಚಹಾದಂಗಡಿಯ ಹೆಂಗಸು, ಎಲ್ಲರೂ ಅತ್ತಿಗೆ ಎಂದು ಕರೆಯುವವಳು, ಲೋಟ ತೊಳೆಯುತ್ತಾ ಹಾಳುಹರಟೆಗೆ ನಿಂತಳು. ನೀವು ರಜೆ ಹಾಕಿದ್ದಾಗ ನನಗೆ ಭರ್ಜರಿ ವ್ಯಾಪಾರ ಎಂದಳು. ಒಬ್ಬಳಂತೂ ನಿಮ್ಮ ಕೇಂದ್ರದಿಂದ ನಗುತ್ತಾ ಬಂದು, ಜೊತೆಯ ಆರು ಹೆಂಗಸರಿಗೂ ಬನ್ನು ಕೊಡಿಸಿದಳು. ತಾನು ಎರಡು ತಿಂದಳು, ಇನ್ನೊಂದು ಒಳಗಿನವರ ಪಾಲು ಎಂದು ಹೊಟ್ಟೆ ತಟ್ಟಿಕೊಂಡಳು.

"ಏನು ಖುಷಿಯಮ್ಮ ಅಂತ ಕೇಳಿದೆ. 'ಪಾಸಾದೆ ಅತ್ತಿಗೆ, ಒಳಗಿರೋ ಸಾಹೇಬರೇ ಬಾಯಿಬಿಟ್ಟು ಪಾಸು ಅಂದ್ರು' ಅಂದಳು."

ಸೂಜಿಯಕ್ಕ ಕೈಲಿದ್ದ ಚಹಾವನ್ನು ನಿಧಾನವಾಗಿ ಕುಡಿದು ಮುಗಿಸಿದಳು. ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನೋಡಿಕೊಂಡಳು. ಕೇಂದ್ರದೊಳಗೆ ಬಂದು ಬಾಗಿಲು ಹಾಕಿಕೊಂಡು, ಆ ನಾಲ್ಕನೆಯ ದಿನದ ಪುಟವನ್ನು ಮತ್ತೆ ತೆರೆದಳು. ಪಾಸಿಟಿವ್ ಎಂದಿದ್ದಾನೆ ಆ ಪುಣ್ಯಾತ್ಮ. ಅವಳ ಕಿವಿಗೆ ಬೇಕಾಗಿದ್ದದ್ದು ಮೊದಲ ಎರಡಕ್ಷರ. ಅಷ್ಟನ್ನು ಹಿಡಿದುಕೊಂಡು ಎದ್ದು ಹೋಗಿದ್ದಾಳೆ. ತಿಳಿಸಲಾಗಿದೆ ಎಂಬುದಕ್ಕೂ ತಿಳಿದಿದೆ ಎಂಬುದಕ್ಕೂ ನಡುವೆ ಎಷ್ಟು ದೊಡ್ಡ ಕಂದಕವಿದೆಯೆಂದು ಆ ಅಂದವಾದ ಅಕ್ಷರಗಳಿಗೆ ಗೊತ್ತಿರಲಿಲ್ಲ.

ಹುಡುಕುವುದು ಹೇಗೆ? ಹೆಸರಿಲ್ಲ, ಮುಖ ಕಂಡಿಲ್ಲ. ಬಿಳಿ ಕೋಟಿನ ಸೂಜಿಯಕ್ಕ ಸರದಿಯಲ್ಲಿ ಒಬ್ಬಳ ಹತ್ತಿರ ಹೋಗಿ ನಿಂತರೆ ಸಾಕು, ಸಂಜೆಯೊಳಗೆ ಆ ಹೆಂಗಸಿನ ಬಾಳು ಗೇಟಿನ ಎರಡೂ ಕಡೆ ಬಟ್ಟಬಯಲು. ಹುಡುಕದೆ ಬಿಟ್ಟರೆ ಹೊಟ್ಟೆಯೊಳಗಿನದನ್ನು ಕಾಪಾಡುವ ದಿನಗಳು ಕಳೆದುಹೋಗುತ್ತವೆ.

ಸಂಜೆ ಮನೆಗೆ ಬಂದವಳು ಗಂಡನ ಎದುರು ಮಣೆಯ ಮೇಲೆ ಕೂತಳು. ಯಾರು ಏನು ಎಂದು ಅವಳು ಎಂದೂ ಹೇಳಿದವಳಲ್ಲ, ಅವನೂ ಕೇಳಿದವನಲ್ಲ. ಒಬ್ಬರನ್ನು ಹುಡುಕಬೇಕಾಗಿದೆ, ಹುಡುಕುತ್ತಿದ್ದೇನೆಂದು ಯಾರಿಗೂ ತಿಳಿಯಬಾರದು ಎಂದಷ್ಟೇ ಹೇಳಿದಳು. ಅವನು ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. ಯಾವುದೋ ಕಾಲದಲ್ಲಿ ಒಂದು ಸ್ಕೂಲಿಗೆ ಸಮವಸ್ತ್ರ ಹೊಲಿಯಲು ಹೋದದ್ದನ್ನು ಹೇಳಿದ. ಬೆನ್ನು ಬಾಗಿದ್ದ ಒಂದು ಹುಡುಗಿ ಇತ್ತಂತೆ. ಅಳತೆಗೆ ಕರೆದರೆ ಕಂಬದ ಹಿಂದೆ ಅಡಗುತ್ತಿತ್ತಂತೆ.

"ಎಲ್ಲರದ್ದೂ ಬೆನ್ನಿನ ಅಳತೆ ಬೇಕು ಅಂತ ಸಾಲಾಗಿ ನಿಲ್ಲಿಸಿಬಿಟ್ಟೆ. ಇಡೀ ಕ್ಲಾಸಿಂದು ತಗೊಂಡೆ. ಹುಡುಗಿನೂ ಬಂತು. ಅನುಮಾನ ಬರದೆ ಇರಲಿ ಅಂತ ಮೇಷ್ಟ್ರದ್ದೂ ತಗೊಂಡೆ. ಆಮೇಲೆ ಅವರಿಗೊಂದು ಅಂಗಿ ಹೊಲಿದುಕೊಡಬೇಕಾಯ್ತು, ಅದು ಬೇರೆ ಮಾತು."

ಮರುದಿನ ಬೆಳಿಗ್ಗೆ ಅವಳು ಬಿ.ಪಿ. ನೋಡುವ ಯಂತ್ರ, ಒಂದು ಸ್ಟೂಲು, ಒಂದು ಕಟ್ಟು ಚೀಟಿ ಹಿಡಿದು ಗೇಟಿನ ಸರದಿಯ ತಲೆಯಲ್ಲಿ ಕೂತಳು. ಎಲ್ಲರಿಗೂ ಬಿ.ಪಿ. ನೋಡುತ್ತೇನೆ, ಒಬ್ಬರನ್ನೂ ಬಿಡುವುದಿಲ್ಲ ಎಂದು ಸಾರಿದಳು. ಕಾವಲಿನವನು ತಕರಾರು ತೆಗೆಯುವ ಮೊದಲೇ ಅವನ ತೋಳಿಗೆ ಪಟ್ಟಿ ಸುತ್ತಿದಳು. ಅವನದೇ ಎಲ್ಲರಿಗಿಂತ ಹೆಚ್ಚಿತ್ತು. ಆಮೇಲೆ ಅವನು ಚಕಾರವೆತ್ತಲಿಲ್ಲ.

ಹೆಂಗಸರು ಮೊದಲು ಅಳುಕಿದರು, ಆಮೇಲೆ ಚುರುಕಾದರು. "ನಂದು ನೋಡಿ ಏನು ಪ್ರಯೋಜನ ಅಕ್ಕಾ, ಬಿ.ಪಿ. ಏರೋದು ನಮ್ಮತ್ತೆಗೆ, ನಾನು ಏರಿಸೋಳು," ಎಂದಳು ಒಬ್ಬಳು. ಸರದಿ ನಕ್ಕಿತು. ಆ ನಗುವಿನ ಮರೆಯಲ್ಲಿ, ಪಟ್ಟಿ ಉಬ್ಬುವಾಗ, ಅವಳು ಪ್ರತಿಯೊಬ್ಬಳ ಕಿವಿಯ ಬಳಿ ಬಾಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು, ನಮ್ಮಲ್ಲಿಗೆ ಬಂದಿದ್ರಾ, ಏನು ಹೆಸರು ಬರೆಸಿದ್ರಿ ಎಂದು. ಬಂದೇ ಇಲ್ಲ ಎಂದರು ಕೆಲವರು. ಟೇಬಲ್ಲು ಎಂದಳು ಒಬ್ಬಳು, ಫ್ರಿಜ್ಜು ಎಂದಳು ಇನ್ನೊಬ್ಬಳು. ಬಸುರಿಯರು ಎಂದು ಗುರುತು ಹಿಡಿಯುವುದೂ ಸುಲಭವಿರಲಿಲ್ಲ. ಹೊರೆ ಕಟ್ಟುವ ದಪ್ಪ ಬಟ್ಟೆಯನ್ನು ಎಲ್ಲರೂ ಸೊಂಟಕ್ಕೆ ಸುತ್ತಿಕೊಂಡಿದ್ದರು. ಮೊದಲ ದಿನ ತೊಂಬತ್ತು ತೋಳು. ಎರಡನೆಯ ದಿನ ನೂರಾ ಹತ್ತು. ಬಲ್ಬು ಒತ್ತಿ ಒತ್ತಿ ಅವಳ ಬೆರಳುಗಳು ಸೆಟೆದುಕೊಂಡಿದ್ದವು. ಇಂದೂ ಸಿಗದಿದ್ದರೆ, ಕೆಲಸ ಬಿಟ್ಟು ಬೇರೆಲ್ಲೋ ಹೋಗಿದ್ದರೆ ಎಂಬ ಯೋಚನೆ ಮೂರನೆಯ ಬೆಳಿಗ್ಗೆ ಅವಳನ್ನು ಬೆಳಕು ಹರಿಯುವ ಮೊದಲೇ ಗೇಟಿಗೆ ತಂದು ಕೂರಿಸಿತ್ತು.

ಆ ಬೆಳಿಗ್ಗೆ ಎಂಟು ಗಂಟೆಯ ಸುಮಾರಿಗೆ, ಉಗುರಿನ ತುಂಬಾ ನೀಲಿ ಬಣ್ಣದ ನೂಲು ಸಿಕ್ಕಿಸಿಕೊಂಡಿದ್ದ ಒಂದು ಕೈ ಮುಂದೆ ಬಂತು.

"ಕ್ಯಾಲೆಂಡರು," ಎಂದಳು ಕೈಯ ಒಡತಿ. "ನಾನು ಪಾಸಾಗಿದೀನಲ್ಲ ಅಕ್ಕಾ, ಮತ್ತೆ ಯಾಕೆ?"

ಅವಳ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಸೂಜಿಯಕ್ಕ ಒಂದು ಕ್ಷಣ ಆ ಗುಳಿಯನ್ನು ನೋಡಿದಳು, ಅದನ್ನು ಮುಚ್ಚಿಸುವ ಕೆಲಸ ತನ್ನದೇ ಎಂದು ತಿಳಿದು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಬಸುರಿಯರಿಗೆಲ್ಲ ಕಬ್ಬಿಣದ ಮಾತ್ರೆ ಕೊಡುತ್ತಿದ್ದೇವೆ, ಹನ್ನೊಂದಕ್ಕೆ ಬಾ ಎಂದು ಚೀಟಿ ಕೊಟ್ಟಳು. ಬಸುರಿಯರು ಇನ್ನು ಯಾರಿದ್ದೀರಿ ಎಂದು ಕೇಳಿ, ಹಿಂದೆ ಮುಂದೆ ನಿಂತಿದ್ದ ಇನ್ನಿಬ್ಬರಿಗೂ ಬೇರೆ ಹೊತ್ತಿನ ಅಂಥದೇ ಚೀಟಿ ಕೊಟ್ಟಳು. ಅವರ ಹಿಂದಿದ್ದ ನಲವತ್ತು ಜನರದ್ದೂ ನೋಡಿ ಮುಗಿಸಿದ ಮೇಲೆಯೇ ಸ್ಟೂಲು ಎತ್ತಿಕೊಂಡಳು.

ಹನ್ನೊಂದಕ್ಕೆ ಅವಳು ಬಂದಳು. ಸೂಜಿಯಕ್ಕ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಮೇಜಿನ ಆಚೆಯ ಕುರ್ಚಿಯನ್ನು ಈಚೆಗೆ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತಳು.

"ಅವತ್ತು ಇಲ್ಲಿದ್ದವರು ಹೇಳಿದ್ದು ನಿನಗೆ ಬೇರೆ ಥರ ಕೇಳಿಸಿದೆ ಕಣಮ್ಮ. ತಪ್ಪು ನಿಂದಲ್ಲ, ನಮ್ಮದು. ನಿನ್ನ ರಕ್ತದಲ್ಲಿ ಎಚ್‌ಐವಿ ಇದೆ."

ಹುಡುಗಿ ಇಲ್ಲವೆಂಬಂತೆ ತಲೆಯಾಡಿಸಿದಳು.

"ಸಾಹೇಬರು ಪಾಸು ಅಂದ್ರು."

"ಪಾಸಿಟಿವ್ ಅಂದ್ರು. ಹಾಗಂದ್ರೆ ಇದೆ ಅಂತ."

ಅವಳ ಬಾಯಿಂದ ಮೊದಲು ಬಂದದ್ದು ಸಾವಿನ ಮಾತಲ್ಲ, ಗಂಡನ ಮಾತೂ ಅಲ್ಲ. "ನಾನು ಬನ್ನು ಹಂಚಿದೆ ಅಕ್ಕಾ," ಎಂದಳು. ಆ ಮಾತು ಮುಗಿಯುವಷ್ಟರಲ್ಲಿ ಅವಳ ತುಟಿ ಅದುರಿ ಸೊಟ್ಟಗಾಯಿತು. ಸೂಜಿಯಕ್ಕ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಹದಿನೇಳು ವರ್ಷದಲ್ಲಿ ಆ ಕೋಣೆಯಲ್ಲಿ ಎಷ್ಟೋ ಜನ ಅತ್ತಿದ್ದರು; ಯಾರೂ ಇಷ್ಟು ಸದ್ದಿಲ್ಲದೆ ಅತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು, "ಇದಕ್ಕೆ?" ಎಂದಳು.

ಇವತ್ತೇ ಮಾತ್ರೆ ಶುರುಮಾಡಿ ದಿನಕ್ಕೊಂದರಂತೆ ತಪ್ಪದೆ ನುಂಗಿದರೆ, ಮಗುವಿಗೆ ಹುಟ್ಟಿದ ಕೂಡಲೇ ಕೊಡಬೇಕಾದ ಔಷಧಿ ಕೊಟ್ಟರೆ, ಅದಕ್ಕೆ ತಗಲುವುದು ತೀರಾ ಅಪರೂಪ ಎಂದು ಸೂಜಿಯಕ್ಕ ಹೇಳಿದಳು. ಅಪರೂಪ ಎಂದಳೇ ಹೊರತು ಇಲ್ಲವೇ ಇಲ್ಲ ಎನ್ನಲಿಲ್ಲ. ಹುಡುಗಿ ಆ ಎರಡರ ನಡುವಿನ ಸಂದನ್ನು ಗಮನಿಸಿದಳು. ಮತ್ತೊಮ್ಮೆ ರಕ್ತ ಕೊಟ್ಟಳು. ಕಾಯ್ದು ಕೂತು, ತನ್ನ ಕಣ್ಣಿಂದಲೇ ಪರೀಕ್ಷೆಯ ಪಟ್ಟಿಯ ಮೇಲೆ, ಇದೆ ಎಂದು ಹೇಳುವ ಎರಡನೆಯ ಗೆರೆ ಮೂಡುವುದನ್ನು ನೋಡಿದಳು. ಇದು ಎಲ್ಲಿಂದ ಬಂದಿರಬಹುದು ಎಂದು ತಾನೇ ಬಾಯಿಬಿಟ್ಟಾಗ ಸೂಜಿಯಕ್ಕ ತಡೆದಳು.

"ಎಲ್ಲಿಂದ ಬಂತು ಅಂತ ನಾನು ಯಾರನ್ನೂ ಕೇಳಲ್ಲ. ಎಲ್ಲಿಗೆ ಹೋಗಬಾರದು, ಅಷ್ಟೇ ನನ್ನ ಕೆಲಸ."

ಗೇಟಿನ ಪಾಸಿಗೂ ರಕ್ತಕ್ಕೂ ಸಂಬಂಧವಿಲ್ಲವೆಂಬ ಕಾಗದವನ್ನು ಡಾಕ್ಟರಿಂದ ಬರೆಸಿ ಗೇಟಿಗೆ ಅಂಟಿಸಲು ಅವಳಿಗೆ ಒಂದು ವಾರ ಹಿಡಿಯಿತು. ಬರೆದುಕೊಟ್ಟ ದಿನ ಡಾಕ್ಟರು ಪೂರ್ತಿ ಕೂತೇ ಮಾತಾಡಿದರು. ಬನ್ನಿನ ಕತೆ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಬದಲಿಗೆ ಬರುವವರಿಗಾಗಿ ಸೂಜಿಯಕ್ಕ ಒಂದು ಹಾಳೆ ಬರೆದಿಟ್ಟಳು. ಇದೆ, ಇಲ್ಲ, ಇವೆರಡೇ ಮಾತು ಬಳಸಿ. ಹೇಳಿದ ಮೇಲೆ, ಈಗ ನಾನು ಹೇಳಿದ್ದೇನು ಎಂದು ಅವರ ಬಾಯಿಂದಲೇ ಕೇಳಿ. ಕೇಳಿದ ಮೇಲೆ ಬರೆಯಿರಿ.

ಮಾತ್ರೆಗಳು ಖಾಲಿ ಪೌಡರಿನ ಡಬ್ಬಿಯೊಳಗೆ ಗೇಟು ದಾಟಿದವು. ಏನದು ಎಂದು ಕೇಳಿದ ಅತ್ತೆಗೆ ಹುಡುಗಿ, ರಕ್ತಕ್ಕೆ ಮಾತ್ರೆ ಎಂದಿದ್ದಳಂತೆ, ಸುಳ್ಳೇನಲ್ಲ. ಹಾಗಾದರೆ ನನಗೂ ಎರಡು ಕೊಡೇ, ನನ್ನ ರಕ್ತವೂ ಕಮ್ಮಿ ಎಂದು ಅತ್ತೆ ಗಂಟುಬಿದ್ದಾಗ ಗಾಬರಿಯಾಗಿ ಓಡಿಬಂದಳು. ಸೂಜಿಯಕ್ಕ ಅತ್ತೆಗೆಂದೇ ಬೇರೆ ಡಬ್ಬಿಯಲ್ಲಿ ಕಬ್ಬಿಣದ ಮಾತ್ರೆ ಕಟ್ಟಿಕೊಟ್ಟಳು. ಅಂದಿನಿಂದ ಅತ್ತೆ ಸೊಸೆ ದಿನವೂ ಎದುರುಬದುರು ಕೂತು ಒಂದೇ ಹೊತ್ತಿಗೆ ಮಾತ್ರೆ ನುಂಗಿದರು. ಸೊಸೆ ಮರೆತರೆ ಅತ್ತೆಯೇ ನೆನಪಿಸುತ್ತಿದ್ದಳು. ಅವಳ ಬಸುರಿನ ಎಂಟನೆಯ ತಿಂಗಳಲ್ಲಿ ಎರಡು ಸರ್ಕಾರಗಳಿಗೂ ಏನೋ ಜಟಾಪಟಿಯಾಗಿ ಗೇಟು ಒಂಬತ್ತು ದಿನ ಮುಚ್ಚಿತು. ಆ ಒಂಬತ್ತು ದಿನವೂ ಸೂಜಿಯಕ್ಕ, ಮುಂದಿನ ಮೂರು ತಿಂಗಳ ಮಾತ್ರೆಯನ್ನೂ ಕೊಟ್ಟಾಗಿದೆಯೆಂದು ಗೊತ್ತಿದ್ದರೂ, ಕಿಟಕಿಯ ಬಳಿ ಹೋಗಿ ಹೋಗಿ ನೋಡಿ ಬಂದಳು. ದೂರದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಹುಡುಗಿಯ ಗಂಡ ರಜೆಗೆ ಬಂದಾಗ ಅವಳೇ ಅವನಿಗೆ ಹೇಳಿದಳು. ಎರಡು ದಿನ ಅವನು ಮನೆಗೆ ಬರಲಿಲ್ಲ. ಮೂರನೆಯ ದಿನ ಒಬ್ಬನೇ ಬಂದು ಕೇಂದ್ರದ ಬೆಂಚಿನ ತುದಿಯಲ್ಲಿ ಕೂತ. ಅವನ ರಕ್ತದಲ್ಲಿಯೂ ಇತ್ತು. ಅವನಿಗೂ ಒಂದು ಡಬ್ಬಿಯಾಯಿತು.

ಹೆಣ್ಣುಮಗು ಹುಟ್ಟಿತು. ಆರು ವಾರಕ್ಕೆ ಮಾಡಿದ ಪರೀಕ್ಷೆಯಲ್ಲಿ ಇಲ್ಲ ಎಂದು ಬಂತು, ಆರು ತಿಂಗಳಿಗೂ ಇಲ್ಲ. ಆದರೆ ಒಂದೂವರೆ ವರ್ಷದ್ದೇ ಕೊನೆಯ ಮಾತು ಎಂದು ಸೂಜಿಯಕ್ಕ ಮೊದಲೇ ಹೇಳಿದ್ದಳು. ಆ ನಡುವೆ ಗಡಿಯ ಗೆರೆ ಎಪ್ಪತ್ತನಾಲ್ಕಕ್ಕೆ ಏರಿತು. ಡಾಕ್ಟರು ಸಂಖ್ಯೆಯ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ, ಬಂದವರು ಹೆಚ್ಚಾದ್ದರಿಂದ ಎಂದು ಬರೆದು ಕಳಿಸಿದರು. ತಗಲಬಹುದಾಗಿದ್ದು ತಗಲದೇ ಉಳಿದವರಿಗೆ ಆ ಗೆರೆಯಲ್ಲಿ ಚುಕ್ಕೆಯಿಲ್ಲ. ಅವರನ್ನು ಎಲ್ಲಿ ಬರೆಯಬೇಕೆಂದು ಡಾಕ್ಟರಿಗೂ ಗೊತ್ತಿರಲಿಲ್ಲ.

ಒಂದೂವರೆ ವರ್ಷದ ದಿನ ಮಗು ನಡೆದುಕೊಂಡೇ ಒಳಗೆ ಬಂತು. ಬೆರಳಿಗೆ ಚುಚ್ಚಿದಾಗ ಅಳುವ ಬದಲು, ಇದೇನು ಮಾಡಿದೆ ನೀನು ಎಂಬಂತೆ ಸೂಜಿಯಕ್ಕನನ್ನು ದುರುಗುಟ್ಟಿ ನೋಡಿತು. ಪಟ್ಟಿಯ ಮೇಲೆ ಹನಿ ಬಿತ್ತು. ಇಪ್ಪತ್ತು ನಿಮಿಷ. ತಾಯಿ ಮೇಜಿಗೆ ಬೆನ್ನು ಮಾಡಿ, ಗೋಡೆಗೆ ಹಣೆಯಿಟ್ಟು ನಿಂತಳು. ಹೊರೆ ಇಲ್ಲದಿದ್ದರೂ ಆ ಬೆನ್ನು ಬಾಗಿತ್ತು. ಸೂಜಿಯಕ್ಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಟ್ಟಿಯಿಂದ ಕಣ್ಣು ಕೀಳಲಿಲ್ಲ. ಒಂದು ಗೆರೆ ಮೂಡಿತು. ಹೊತ್ತು ಮುಗಿಯುವ ತನಕ ಕಾದಳು, ಮುಗಿದ ಮೇಲೂ ಒಂದು ನಿಮಿಷ ಕಾದಳು. ಒಂದೇ ಗೆರೆ.

"ಮಗುವಿಗೆ ಇಲ್ಲ," ಎಂದಳು.

ತಾಯಿ ತಿರುಗಲಿಲ್ಲ. "ಇನ್ನೊಂದು ಸಲ ಹೇಳಿ ಅಕ್ಕಾ."

"ಇಲ್ಲ ಕಣೇ. ನಿನ್ನ ಮಗುವಿಗೆ ಎಚ್‌ಐವಿ ಇಲ್ಲ."

ಅವಳು ಗೋಡೆಯನ್ನು ಹಿಡಿದುಕೊಂಡೇ ಬಂದು ಕುರ್ಚಿಯಲ್ಲಿ ಕೂತಳು. ಅಳುತ್ತಾಳೆಂದು ಸೂಜಿಯಕ್ಕ ಕರವಸ್ತ್ರ ತೆಗೆದಿಟ್ಟುಕೊಂಡಿದ್ದಳು. ಅವಳು ಅಳಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿ ಚೆಲ್ಲಿಕೊಂಡು, ಏನೋ ಹೇಳಲು ಬಾಯಿ ತೆರೆದು, ತಲೆಯನ್ನು ಗೋಡೆಗಾನಿಸಿದಳು. ಅಷ್ಟರಲ್ಲೇ ಅವಳಿಗೆ ನಿದ್ದೆ ಹತ್ತಿಬಿಟ್ಟಿತು. ಎರಡು ವರ್ಷದ ಬಾಕಿ ನಿದ್ದೆ. ಬಾಯಿ ಅರ್ಧ ತೆರೆದೇ ಇತ್ತು.

ಹೊರಗೆ ಬೆಂಚಿನಲ್ಲಿ ಏಳು ಜನ ಕಾಯುತ್ತಿದ್ದರು. ಸೂಜಿಯಕ್ಕ ಅವಳ ಮುಖಕ್ಕೆ ಸೆರಗಿನ ಮರೆ ಮಾಡಿ, ಬಾಗಿಲು ಸ್ವಲ್ಪ ಸರಿಸಿ ಮುಂದಿನವನನ್ನು ಕರೆದಳು. ಗಟ್ಟಿ ಗಂಟಲಿನ ಡ್ರೈವರು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದ್ದಕ್ಕೆ ಅವನು ಚಪ್ಪಲಿ ಕಳಚಿ, ತುದಿಗಾಲಲ್ಲಿ ನಡೆದು ಬಂದು, ಕೂರಲು ಇನ್ನೊಂದು ಕುರ್ಚಿ ಇಲ್ಲದ್ದರಿಂದ ನಿಂತುಕೊಂಡೇ ಅಂಗಿಯ ತೋಳು ಮಡಿಸಿದ. ಮಗು ಅವಳ ತೊಡೆಯಿಂದ ಇಳಿಯಲು ಒಪ್ಪಲಿಲ್ಲ. ಅದನ್ನು ಎಡಗೈಯಲ್ಲಿ ಅಪ್ಪಿ ಹಿಡಿದುಕೊಂಡು, ಅವಳು ಬಲಗೈಯಿಂದ ಅವನ ನರ ಹುಡುಕತೊಡಗಿದಳು.